ಹತ್ತು ಕಿಲೋಮೀಟರಿಗೆ ಎಷ್ಟು ನಿಮಿಷ? ಟಾಮ್‌ಟಾಮ್ ಟ್ರಾಫಿಕ್ ಇಂಡೆಕ್ಸ್ ಬಳಸಿದ ಅನುಭವ

"ಇಲ್ಲಿ ಜಾಮ್ ಏನೂ ಇಲ್ಲ ಮೇಡಂ. ರಸ್ತೆನೇ ಹೀಗೆ."

2020ರ ಶುರುವಿನಲ್ಲಿ ಒಬ್ಬ ಡ್ರೈವರ್ ಫೋನಿನಲ್ಲಿ ನನಗೆ ಹೇಳಿದ ಮಾತು ಇದು. ನನ್ನ ಕೆಲಸ ಸರಕು ಸಾಗಣೆಯ ವೇಳಾಪಟ್ಟಿ ಮಾಡುವುದು. ಯಾವ ದೇಶದ ಯಾವ ನಗರದಲ್ಲಿ ಗಾಡಿ ಗೋದಾಮಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು, ಗಿರಾಕಿಯ ಬಾಗಿಲಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಅಂತ ಲೆಕ್ಕ ಹಾಕಿ ಬರೆದುಕೊಡಬೇಕು. ಆವತ್ತು ನಾನು ಬರೆದುಕೊಟ್ಟ ಲೆಕ್ಕ ತಪ್ಪಿತ್ತು. ಗಾಡಿ ಒಂದು ಗಂಟೆಗೂ ಜಾಸ್ತಿ ತಡವಾಗಿ ಹೋಯಿತು. ತಪ್ಪು ನನ್ನದು, ಬೈಸಿಕೊಂಡವರು ಡ್ರೈವರ್. ಅವರು ಬೇಸರ ಮಾಡಿಕೊಳ್ಳದೆ, ಒಂದೇ ಸಾಲಿನಲ್ಲಿ, ನನಗೆ ಗೊತ್ತಿಲ್ಲದ ವಿಷಯ ಹೇಳಿಕೊಟ್ಟರು.

ಲೆಕ್ಕ ಮಾಡುವಾಗ ನಾನು ಮುಂದಿಟ್ಟುಕೊಂಡಿದ್ದು ಟಾಮ್‌ಟಾಮ್ ಕಂಪನಿಯ ಟ್ರಾಫಿಕ್ ಇಂಡೆಕ್ಸ್, ಅಂದರೆ ಯಾವ ನಗರದಲ್ಲಿ ಟ್ರಾಫಿಕ್ ಎಷ್ಟು ಅಂತ ಪಟ್ಟಿ ಮಾಡಿ ತೋರಿಸುವ ವೆಬ್ ಪುಟ. ಆ ಪುಟವನ್ನು ಅಲ್ಲಿಂದ ಇಲ್ಲಿಯವರೆಗೆ ಬಿಡದೆ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ತೆರೆದು ನೋಡಬಹುದು. "ಜಗತ್ತಿನಲ್ಲೇ ಅತಿ ಕೆಟ್ಟ ಟ್ರಾಫಿಕ್ ಇರುವ ನಗರ" ಅಂತ ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುತ್ತದಲ್ಲ, ಆ ಸುದ್ದಿ ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ. ಸುದ್ದಿ ಓದಿದವರು ತುಂಬಾ ಜನ, ಪುಟವನ್ನೇ ತೆರೆದು ನೋಡಿದವರು ಕಮ್ಮಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟಾಮ್‌ಟಾಮ್ ನೆದರ್ಲೆಂಡ್ಸ್‌ನ ಆಂಸ್ಟರ್‌ಡ್ಯಾಮ್‌ನಲ್ಲಿ 1991ರಲ್ಲಿ ಶುರುವಾದ ಕಂಪನಿ. ಕಾರಿನ ಗಾಜಿಗೆ ಅಂಟಿಸುವ, ದಾರಿ ಹೇಳುವ ಪುಟ್ಟ ಪೆಟ್ಟಿಗೆಗಳಿಂದ ಹೆಸರು ಮಾಡಿದ್ದು. ಕಾರುಗಳೊಳಗಿನ ನ್ಯಾವಿಗೇಶನ್, ಫೋನಿನ ಆ್ಯಪ್, ಇಂಥವುಗಳಿಂದ ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನುವ ಮಾಹಿತಿ ಅವರಿಗೆ ಬರುತ್ತಿರುತ್ತದೆ. ಅದನ್ನೆಲ್ಲ ಒಟ್ಟು ಹಾಕಿ ನಗರವಾರು ಲೆಕ್ಕ ತೆಗೆಯುತ್ತಾರೆ. ಅಂದರೆ ಇದು ಜನರನ್ನು ಕೇಳಿ ಬರೆದುಕೊಂಡ ಅಭಿಪ್ರಾಯ ಅಲ್ಲ, ಓಡಿದ ಗಾಡಿಗಳ ಅಳತೆ. ಈ ಸೇವೆಯ ಮೇಲೆ ನನಗಿರುವ ನಂಬಿಕೆಗೆ ಮೊದಲ ಕಾರಣ ಇದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2019ರ ಪಟ್ಟಿಯಲ್ಲಿ 57 ದೇಶಗಳ 416 ನಗರಗಳಿದ್ದವು. ಸಾಲು ಕಟ್ಟಿದ್ದು ಶೇಕಡಾವಾರು ದಟ್ಟಣೆಯ ಮೇಲೆ. ಬೆಂಗಳೂರು ಶೇ 71ರೊಂದಿಗೆ ಎಲ್ಲಕ್ಕಿಂತ ಮೇಲಿತ್ತು. ಮನಿಲಾ, ಬೊಗೋಟಾ, ಮುಂಬೈ, ಪುಣೆ ಅದರ ಬೆನ್ನಿಗೇ ಇದ್ದವು. ಶೇ 71 ಅಂದರೆ ಏನು? ರಸ್ತೆ ಖಾಲಿ ಇದ್ದಾಗ 30 ನಿಮಿಷ ಹಿಡಿಯುವ ದಾರಿಗೆ ಸರಾಸರಿ 51 ನಿಮಿಷ ಹಿಡಿಯುತ್ತದೆ ಅಂತ. ಇಷ್ಟು ನನಗೂ ಅರ್ಥವಾಗಿತ್ತು. ಅರ್ಥವಾಗದೆ ಉಳಿದದ್ದು ಇನ್ನೊಂದು: ಆ "ಖಾಲಿ ಇದ್ದಾಗಿನ" ಹೊತ್ತು ಪ್ರತಿ ನಗರಕ್ಕೂ ಬೇರೆ ಬೇರೆ. ಒಂದು ನಗರವನ್ನು ಅಳೆಯುವುದು ಅದೇ ನಗರದ ನಡುರಾತ್ರಿಯ ಜೊತೆಗೆ. ಪಕ್ಕದ ನಗರದ ಜೊತೆಗಲ್ಲ.

ಒಂದು ಲೆಕ್ಕ ಇಟ್ಟುಕೊಂಡು ನೋಡಿ. ಎರಡು ನಗರ ಇದೆ ಅಂದುಕೊಳ್ಳಿ. ಮೊದಲನೆಯದರಲ್ಲಿ ಅಗಲವಾದ ರಸ್ತೆ, ಸಿಗ್ನಲ್ ಕಮ್ಮಿ. ಖಾಲಿ ಇದ್ದಾಗ 10 ಕಿ.ಮೀ.ಗೆ 12 ನಿಮಿಷ ಸಾಕು. ಬೆಳಗಿನ ಗಲಾಟೆಯಲ್ಲಿ 24 ನಿಮಿಷ ಆಗುತ್ತದೆ. ದಟ್ಟಣೆ ಶೇ 100. ಎರಡನೆಯದರಲ್ಲಿ ಕಿರಿದಾದ ರಸ್ತೆ, ಹೆಜ್ಜೆಗೊಂದು ತಿರುವು. ಖಾಲಿ ಇದ್ದಾಗಲೇ 24 ನಿಮಿಷ. ಗಲಾಟೆಯಲ್ಲಿ 30. ದಟ್ಟಣೆ ಶೇ 25. ಪಟ್ಟಿ ನೋಡಿದರೆ ಮೊದಲನೆಯದು ನಾಲ್ಕು ಪಟ್ಟು ಕೆಟ್ಟದ್ದು. ಆದರೆ ಮೊದಲನೆಯ ನಗರದವರು ಆರು ನಿಮಿಷ ಮುಂಚೆಯೇ ಮನೆ ಸೇರಿರುತ್ತಾರೆ! ನಾನು ಶೇಕಡಾ ಕಮ್ಮಿ ಇದೆ ಅಂತ ನೋಡಿ, ವೇಗ ಜಾಸ್ತಿ ಇರುತ್ತದೆ ಅಂತ ತಿಳಿದುಕೊಂಡಿದ್ದೆ. ಆ ಡ್ರೈವರ್ ಹೇಳಿದ್ದು ಇದನ್ನೇ. ಜಾಮ್ ಬೇರೆ, ನಿಧಾನ ಬೇರೆ.

ಮುಂದೆ ಈ ಸೇವೆ ಒಂದು ಒಳ್ಳೆ ಬದಲಾವಣೆ ಮಾಡಿತು. 2021ರ ಪಟ್ಟಿಯವರೆಗೂ ಸಾಲು ಕಟ್ಟಿದ್ದು ಶೇಕಡಾ ಮೇಲೇ. ಆ ವರ್ಷ ಇಸ್ತಾಂಬುಲ್ ಶೇ 62ರೊಂದಿಗೆ ಮೊದಲಿತ್ತು. 2022ರ ಪಟ್ಟಿಯಲ್ಲಿ ಅಳತೆಗೋಲೇ ಬೇರೆಯಾಯಿತು. ನಗರದ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ ಎಷ್ಟು ಹೊತ್ತು ಅನ್ನುವುದೇ ಮುಖ್ಯ ಅಂಕಿಯಾಯಿತು. ತಕ್ಷಣ ಲಂಡನ್ ಮೇಲಕ್ಕೆ ಬಂತು. 36 ನಿಮಿಷ 20 ಸೆಕೆಂಡ್. ಬೆಂಗಳೂರು 29 ನಿಮಿಷ 10 ಸೆಕೆಂಡ್, ಎರಡನೇ ಸ್ಥಾನ. ಮೂರನೆಯದು ಡಬ್ಲಿನ್. ಲಂಡನ್ ಒಂದೇ ವರ್ಷದಲ್ಲಿ ಹಾಳಾಗಿ ಹೋಗಿರಲಿಲ್ಲ, ಕೇಳಿದ ಪ್ರಶ್ನೆ ಬದಲಾಗಿತ್ತು, ಅಷ್ಟೇ. 2024ರ ಪಟ್ಟಿಯಲ್ಲಿ ನಗರಗಳ ಸಂಖ್ಯೆ 500ಕ್ಕೆ ಏರಿತು. ಕೊಲಂಬಿಯಾದ ಬಾರಾಂಕಿಯಾ 36 ನಿಮಿಷ 6 ಸೆಕೆಂಡ್‌ನೊಂದಿಗೆ ಅತಿ ನಿಧಾನದ ನಗರ. ಆಮೇಲೆ ಕೋಲ್ಕತ್ತ 34 ನಿಮಿಷ 33 ಸೆಕೆಂಡ್, ಬೆಂಗಳೂರು 34 ನಿಮಿಷ 10 ಸೆಕೆಂಡ್, ಪುಣೆ 33 ನಿಮಿಷ 22 ಸೆಕೆಂಡ್, ಲಂಡನ್ 33 ನಿಮಿಷ 17 ಸೆಕೆಂಡ್. ಅದೇ ವರ್ಷ ಶೇಕಡಾ ಲೆಕ್ಕದಲ್ಲಿ ಮೇಲಿದ್ದದ್ದು ಮೆಕ್ಸಿಕೋ ಸಿಟಿ, ಶೇ 52. ಒಂದೇ ಪುಟ, ಒಂದೇ ವರ್ಷ, "ಅತಿ ಕೆಟ್ಟ" ಅನ್ನುವ ಪಟ್ಟ ಮಾತ್ರ ಎರಡು ಬೇರೆ ನಗರಕ್ಕೆ. ಎರಡೂ ಸರಿ.

ಈ ನಿಮಿಷಗಳನ್ನು ವೇಗಕ್ಕೆ ತಿರುಗಿಸಿ ನೋಡುವ ಅಭ್ಯಾಸ ನನಗಿದೆ. 600ನ್ನು ನಿಮಿಷದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ಲಂಡನ್‌ನ 36 ನಿಮಿಷ 20 ಸೆಕೆಂಡ್ ಅಂದರೆ ಗಂಟೆಗೆ ಹದಿನಾರೂವರೆ ಕಿಲೋಮೀಟರ್. ಆರಾಮಾಗಿ ಸೈಕಲ್ ತುಳಿದರೆ ಹೋಗುವ ವೇಗ. 2022ರ ಪಟ್ಟಿಯ ಕೊನೆಯಲ್ಲಿದ್ದ ನೆದರ್ಲೆಂಡ್ಸ್‌ನ ಅಲ್ಮೇರ್ ನಗರಕ್ಕೆ 8 ನಿಮಿಷ 20 ಸೆಕೆಂಡ್, ಅಂದರೆ ಗಂಟೆಗೆ 72 ಕಿಲೋಮೀಟರ್. ಒಂದೇ ಥರದ ಎಂಜಿನ್, ಒಂದೇ ಥರದ ಚಕ್ರ. ನೆಲ ಬೇರೆ.

ಹಾಗಾದರೆ ಗಾಡಿ ಇಷ್ಟು ನಿಧಾನ ಆಗುವುದು ಎಲ್ಲಿ? ಇದನ್ನು ಅಂಕಿಯಲ್ಲಿ ಓದಿ ಸುಮ್ಮನಾಗಲು ಮನಸ್ಸಾಗಲಿಲ್ಲ. ಒಂದು ಬೆಳಗ್ಗೆ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಸ್ಟಾಪ್‌ವಾಚ್ ಹಿಡಿದು ಲೆಕ್ಕ ತೆಗೆದೆ. ಕೈಯಲ್ಲಿ ಎರಡು ಗಡಿಯಾರ. ಒಂದು ಹೊರಟಾಗಿನಿಂದ ಓಡುತ್ತಲೇ ಇರುತ್ತದೆ. ಇನ್ನೊಂದನ್ನು ಗಾಡಿ ಪೂರ್ತಿ ನಿಂತಾಗ ಮಾತ್ರ ಒತ್ತುವುದು, ಚಕ್ರ ಉರುಳಿದ ಕೂಡಲೇ ನಿಲ್ಲಿಸುವುದು. ಸರಿಯಾಗಿ 10 ಕಿ.ಮೀ. ಮುಗಿದಾಗ ಮೊದಲನೆಯದು 32 ನಿಮಿಷ 40 ಸೆಕೆಂಡ್ ತೋರಿಸುತ್ತಿತ್ತು. ಎರಡನೆಯದು 12 ನಿಮಿಷ 50 ಸೆಕೆಂಡ್. ನಿಂತಿದ್ದು 19 ಸಲ. ಒಂದು ಸಿಗ್ನಲ್‌ನಲ್ಲಿ ಹಸಿರು ಎರಡು ಸಲ ಬಂದು ಹೋದರೂ ನಮ್ಮ ಗಾಡಿ ಗೆರೆ ದಾಟಿರಲಿಲ್ಲ. ಮುಂದಿನ ಗಾಡಿಯ ಬ್ರೇಕ್ ದೀಪ ಆರಿತು, ನಮ್ಮ ಗಾಡಿ ಒಂದು ಗಾಡಿಯಷ್ಟು ಮುಂದೆ ಹೋಯಿತು, ದೀಪ ಮತ್ತೆ ಹೊತ್ತಿತು. ಡ್ರೈವರ್ ಎಡಗಾಲು ಕ್ಲಚ್‌ನಿಂದ ಎತ್ತಲೇ ಇಲ್ಲ. ನಿಂತ ಹೊತ್ತನ್ನು ತೆಗೆದರೆ ಗಾಡಿ ಓಡಿದ್ದು ಗಂಟೆಗೆ 30 ಕಿ.ಮೀ. ವೇಗದಲ್ಲಿ. ಎಲ್ಲ ಸೇರಿಸಿದರೆ 18. ನಡುವೆ ಎರಡು ಕಡೆ ಮುಳ್ಳು 50 ಮುಟ್ಟಿತ್ತು. ಅಷ್ಟು ಜೋರಾಗಿ ಹೋಗಿ ಸೇರಿದ್ದು ಮುಂದಿನ ಕೆಂಪು ದೀಪಕ್ಕೆ.

ಅಲ್ಲಿಂದ ಮೇಲೆ ನಗರದ ವೇಗ ಅಂದರೆ ಗಾಡಿಯ ವೇಗ ಅಂತ ನಾನು ಯೋಚಿಸುವುದಿಲ್ಲ. ಎಷ್ಟು ಸಲ ನಿಂತಿತು, ಎಷ್ಟು ಹೊತ್ತು ನಿಂತಿತು ಅನ್ನುವುದೇ ಜಾಸ್ತಿ ಮುಖ್ಯ. ಪ್ಯಾರಿಸ್ 2021ರ ಆಗಸ್ಟ್ ಕೊನೆಯಲ್ಲಿ ಹೆಚ್ಚಿನ ರಸ್ತೆಗಳಲ್ಲಿ ಗಂಟೆಗೆ 30 ಕಿ.ಮೀ. ಮಿತಿ ತಂದಿತು. ಬ್ರಸೆಲ್ಸ್ ಅದೇ ವರ್ಷದ ಜನವರಿಯಲ್ಲೇ ತಂದಿತ್ತು. ಇನ್ನು ಊರೊಳಗೆ ಓಡಾಡಿದ ಹಾಗೇ ಅಂತ ಆಗ ಕೆಲವರು ನನ್ನ ಹತ್ತಿರ ಹೇಳಿದ್ದರು. ನನ್ನ ಸ್ಟಾಪ್‌ವಾಚ್ ಲೆಕ್ಕ ಇಟ್ಟುಕೊಂಡರೆ, ಸಿಗ್ನಲ್‌ಗಳ ನಡುವೆ 50ರಲ್ಲಿ ಹೋದರೂ 30ರಲ್ಲಿ ಹೋದರೂ ಕೊನೆಗೆ ಉಳಿಯುವ ಹೊತ್ತು ನಾವು ಅಂದುಕೊಂಡಷ್ಟು ಇರುವುದಿಲ್ಲ. ರಸ್ತೆ ದಾಟುವ ಮಗುವಿಗೆ ಮಾತ್ರ ಆ ಎರಡು ವೇಗದ ನಡುವೆ ತುಂಬಾ ದೊಡ್ಡ ವ್ಯತ್ಯಾಸ ಇದೆ.

ಈ ಪುಟದಲ್ಲಿ ನನಗೆ ಅತಿ ಇಷ್ಟವಾದದ್ದು ಮೇಲಿನ ರ‍್ಯಾಂಕ್ ಪಟ್ಟಿ ಅಲ್ಲವೇ ಅಲ್ಲ. ಒಂದು ನಗರದ ಹೆಸರು ಒತ್ತಿ ಒಳಗೆ ಹೋಗಿ, ಕೆಳಕ್ಕೆ ಇಳಿದರೆ ಸಿಗುವ ಬಣ್ಣದ ಚೌಕಗಳ ಕೋಷ್ಟಕ. ಒಂದು ಬದಿಗೆ ವಾರದ 7 ದಿನ, ಇನ್ನೊಂದು ಬದಿಗೆ ದಿನದ 24 ಗಂಟೆ. ಒಟ್ಟು 168 ಚೌಕ. ಆ ನಗರದ ಜನ ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಹೊರಡುತ್ತಾರೆ, ಯಾವ ಸಂಜೆ ಹೊರಗೆ ಸುತ್ತಾಡುತ್ತಾರೆ ಎಲ್ಲವೂ ಬಣ್ಣದಲ್ಲೇ ಕಾಣುತ್ತದೆ. ಬೆಳಗಿನ ಕೆಂಪು ಸಾಮಾನ್ಯವಾಗಿ ಚಿಕ್ಕದು, ಗಾಢ. ಸಂಜೆಯದು ಉದ್ದಕ್ಕೆ ಹರಡಿರುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಕೆಲಸಕ್ಕೆ ಸೇರಬೇಕು, ಬಿಡುವುದು ಮಾತ್ರ ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ಅಲ್ವಾ?

ವಾರದ ರಜೆಯ ವಿಷಯದಲ್ಲಿ ಈ ಕೋಷ್ಟಕ ನನ್ನನ್ನು ಹಲವು ಸಲ ಕಾಪಾಡಿದೆ. ಭಾನುವಾರ ರಸ್ತೆ ಖಾಲಿ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ರಿಯಾದ್‌ನಲ್ಲಿ ರಜೆ ಶುಕ್ರವಾರ, ಶನಿವಾರ. ಅಲ್ಲಿ ಭಾನುವಾರ ವಾರದ ಮೊದಲ ಕೆಲಸದ ದಿನ. ದುಬೈ ಕೂಡ ಮೊದಲು ಹಾಗೇ ಇತ್ತು. ಯುಎಇ 2022ರ ಜನವರಿಯಿಂದ ರಜೆಯನ್ನು ಶನಿವಾರ, ಭಾನುವಾರಕ್ಕೆ ತಂದಿತು, ಶುಕ್ರವಾರ ಸರ್ಕಾರಿ ಕೆಲಸ ಅರ್ಧ ದಿನ ಆಯಿತು. ಹಳೆಯ ವೇಳಾಪಟ್ಟಿಯನ್ನೇ ನಂಬಿಕೊಂಡು ಕೂತಿದ್ದರೆ ಎಷ್ಟು ಗಾಡಿಗಳು ತಡವಾಗುತ್ತಿದ್ದವೋ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮೂಲಭೂತ ಪ್ರಶ್ನೆ ಎತ್ತಲೇಬೇಕು. ನಗರಗಳ ನಡುವಿನ ಈ ವ್ಯತ್ಯಾಸಕ್ಕೆ ನಿಜವಾದ ಕಾರಣ ಜಾಮೋ, ರಸ್ತೆಯೋ? ಇದಕ್ಕೆ ಇಂಡೆಕ್ಸ್ ಪುಟದಲ್ಲಿ ನೇರ ಉತ್ತರ ಸಿಗುವುದಿಲ್ಲ. ನನಗೆ ಉತ್ತರ ಸಿಕ್ಕಿದ್ದು 2023ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಹೊರತಂದ ಒಂದು ಅಧ್ಯಯನದಲ್ಲಿ. ಗೂಗಲ್ ಮ್ಯಾಪ್ಸ್ ಕೊಡುವ ಪ್ರಯಾಣದ ಹೊತ್ತನ್ನು ಇಟ್ಟುಕೊಂಡು ಅವರು 152 ದೇಶಗಳ 1,200ಕ್ಕೂ ಹೆಚ್ಚು ನಗರಗಳನ್ನು ಹೋಲಿಸಿದ್ದರು. ಅತಿ ನಿಧಾನದ ನಗರ ಢಾಕಾ. ಅತಿ ವೇಗದ್ದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್. ಅತಿ ಹೆಚ್ಚು ಜಾಮ್ ಆಗುವ ನಗರ ಮಾತ್ರ ಈ ಎರಡೂ ಅಲ್ಲ, ಅದು ಬೊಗೋಟಾ. ಬಡ ದೇಶಗಳ ನಗರಗಳಲ್ಲಿ ಗಾಡಿಗಳು ಶ್ರೀಮಂತ ದೇಶಗಳಿಗಿಂತ ತುಂಬಾ ನಿಧಾನವಾಗಿ ಓಡುತ್ತವೆ. ಆ ಅಂತರದ ಬಹುಪಾಲು ಬರುವುದು ಜಾಮ್‌ನಿಂದ ಅಲ್ಲ, ರಸ್ತೆ ಖಾಲಿ ಇರುವಾಗಲೂ ಅಲ್ಲಿ ವೇಗ ಕಮ್ಮಿ. ದೊಡ್ಡ ಅಗಲ ರಸ್ತೆಗಳು ಕಮ್ಮಿ ಇರುವುದು ಅದಕ್ಕೆ ಒಂದು ಕಾರಣ.

ಇದನ್ನು ಓದಿದಾಗ ಮೈ ಜುಮ್ ಅಂದಿತು. ಆ ಡ್ರೈವರ್ ಫೋನಿನಲ್ಲಿ ಹೇಳಿದ್ದು ಇದೇ ಮಾತು. 1,200 ನಗರ ಅಳೆದು ತಿಳಿದ ವಿಷಯವನ್ನು ಅವರು ದಿನಾ ಸ್ಟೀರಿಂಗ್ ಹಿಡಿದು ತಿಳಿದುಕೊಂಡಿದ್ದರು.

ಫ್ಲಿಂಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಅದು ಕಾರು ಕಾರ್ಖಾನೆಗಳ ಊರು. 1960ರಲ್ಲಿ ಅಲ್ಲಿ ಸುಮಾರು 1,97,000 ಜನ ಇದ್ದರು. 2020ರ ಜನಗಣತಿಯಲ್ಲಿ ಸುಮಾರು 81,000. ಕಾರ್ಖಾನೆಗಳು ಹೋದವು, ಜನ ಹೋದರು, ಎರಡು ಲಕ್ಷ ಜನಕ್ಕೆ ಅಂತ ಹಾಕಿದ ಅಗಲ ರಸ್ತೆಗಳು ಉಳಿದವು. ಅಂಥ ಊರಿನಲ್ಲಿ ಗಾಡಿ ಜೋರಾಗಿ ಓಡದೆ ಏನು ಮಾಡುತ್ತದೆ? ವೇಗ ಇದೆ ಅಂದ ಕೂಡಲೇ ಊರು ಚೆನ್ನಾಗಿದೆ ಅಂತ ಅಲ್ಲ.

ಹಾಗೇ ಲಂಡನ್ ನಿಧಾನ ಅಂದ ಕೂಡಲೇ ಅದು ಸೋತಿದೆ ಅಂತಲೂ ಅಲ್ಲ. ನಡು ಲಂಡನ್‌ಗೆ ಗಾಡಿ ತರುವವರು 2003ರ ಫೆಬ್ರವರಿಯಿಂದ ದಟ್ಟಣೆ ಶುಲ್ಕ ಕಟ್ಟುತ್ತಿದ್ದಾರೆ. ಶುರುವಿನ ವರ್ಷಗಳಲ್ಲಿ ಗಾಡಿಗಳೂ ಕಮ್ಮಿಯಾದವು, ಜಾಮೂ ಇಳಿಯಿತು. ಆಮೇಲೆ ರಸ್ತೆಯ ಜಾಗವನ್ನೇ ಬಸ್ಸಿಗೆ, ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟುಕೊಟ್ಟರು. ಶುಲ್ಕದ ವಲಯದೊಳಗಿನ ಸಾರಿಗೆ ಇಲಾಖೆಯ ರಸ್ತೆಗಳಿಗೆ 2020ರಲ್ಲಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಮಿತಿ ಬಂತು. ಕಾರಿನ ವೇಗ ಮತ್ತೆ ಕಮ್ಮಿಯಾಯಿತು. ಆದರೆ ಬೆಳಗ್ಗೆ ನಡು ಲಂಡನ್‌ಗೆ ಕೆಲಸಕ್ಕೆ ಬರುವವರಲ್ಲಿ ಬಹುಪಾಲು ಜನ ರೈಲು, ಮೆಟ್ರೊ, ಬಸ್ಸಿನಲ್ಲಿ ಬರುತ್ತಾರೆ. ಈ ಇಂಡೆಕ್ಸ್ ಅವರಲ್ಲಿ ಒಬ್ಬರನ್ನೂ ಎಣಿಸುವುದಿಲ್ಲ. ಇದು ಕಾರಿನ ಕಿಟಕಿಯಿಂದ ನೋಡಿದ ನಗರ.

10 ಕಿಲೋಮೀಟರ್ ಅನ್ನುವ ಅಳತೆಯ ಬಗ್ಗೆಯೂ ನನಗೆ ತಕರಾರಿದೆ. ಹೋಲಿಸಲು ಅದು ಸುಲಭ, ಒಪ್ಪುತ್ತೇನೆ. ಆದರೆ ಎಲ್ಲ ನಗರದಲ್ಲೂ ಜನ 10 ಕಿ.ಮೀ. ಹೋಗಬೇಕಾಗುವುದಿಲ್ಲ. ಒತ್ತೊತ್ತಾಗಿ ಕಟ್ಟಿದ ಊರಿನಲ್ಲಿ ಕೆಲಸ, ಶಾಲೆ, ಆಸ್ಪತ್ರೆ ಎಲ್ಲ 3 ಕಿ.ಮೀ. ಒಳಗೇ ಇರಬಹುದು. ಹರಡಿಕೊಂಡ ಊರಿನಲ್ಲಿ ಹಾಲು ತರಲೂ ಕಾರು ತೆಗೆಯಬೇಕು. ಗಂಟೆಗೆ 15 ಕಿ.ಮೀ. ವೇಗದಲ್ಲಿ 3 ಕಿ.ಮೀ. ಹೋಗಲು 12 ನಿಮಿಷ. 60ರಲ್ಲಿ 25 ಕಿ.ಮೀ. ಹೋಗಲು 25 ನಿಮಿಷ. ಯಾರಿಗೆ ಬದುಕು ಸಲೀಸು? ಪಟ್ಟಿಯಲ್ಲಿ ಎರಡನೆಯವರೇ ಗೆದ್ದಿರುತ್ತಾರೆ.

ವೇಗ ಎಷ್ಟಿದ್ದರೆ ಸರಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡ ಊರು ಸಿಂಗಪುರ. 1975ರಲ್ಲೇ ಅದು ಗಲಾಟೆಯ ಹೊತ್ತಿನಲ್ಲಿ ಒಳಗೆ ಬರುವ ಕಾರುಗಳಿಗೆ ದುಡ್ಡು ಕೇಳಲು ಶುರುಮಾಡಿತು. 1998ರಲ್ಲಿ ಅದನ್ನು ಎಲೆಕ್ಟ್ರಾನಿಕ್ ಮಾಡಿತು. ಎಕ್ಸ್‌ಪ್ರೆಸ್‌ವೇಗಳಲ್ಲಿ ಗಂಟೆಗೆ 45ರಿಂದ 65, ಮುಖ್ಯ ರಸ್ತೆಗಳಲ್ಲಿ 20ರಿಂದ 30 ಕಿ.ಮೀ. ವೇಗ ಇರಬೇಕು ಅನ್ನುವುದು ಅಲ್ಲಿನ ಗುರಿ. ವೇಗ ಅದಕ್ಕಿಂತ ಇಳಿದರೆ ಶುಲ್ಕ ಏರಿಸುತ್ತಾರೆ, ಮೀರಿದರೆ ಇಳಿಸುತ್ತಾರೆ. ಮುಖ್ಯ ರಸ್ತೆಗೆ 20ರಿಂದ 30 ಸಾಕು ಅಂತ ಅವರೇ ಒಪ್ಪಿಕೊಂಡಿದ್ದಾರೆ ನೋಡಿ! ಸ್ಟಾಕ್‌ಹೋಮ್ 2006ರ ಮೊದಲ ಏಳು ತಿಂಗಳು ಶುಲ್ಕವನ್ನು ಪ್ರಯೋಗ ಮಾಡಿ ನೋಡಿತು. ಗಡಿ ದಾಟಿ ಒಳಗೆ ಹೋಗಿಬರುವ ಗಾಡಿಗಳು ಸುಮಾರು ಐದರಲ್ಲಿ ಒಂದರಷ್ಟು ಕಮ್ಮಿಯಾದವು. ಸಾಲಿನಲ್ಲಿ ಕಾಯುವ ಹೊತ್ತು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯಿತು. ತುಂಬಿದ ರಸ್ತೆಯ ಗುಣವೇ ಅದು. ಕೊನೆಗೆ ಬಂದು ಸೇರುವ ಕೆಲವೇ ಗಾಡಿಗಳು ಎಲ್ಲರನ್ನೂ ನಿಲ್ಲಿಸಿಬಿಡುತ್ತವೆ. ಅವು ಬರದಿದ್ದರೆ ಎಲ್ಲರೂ ಸಾಗುತ್ತಾರೆ. ಜನ ಮತ ಹಾಕಿದ ಮೇಲೆ 2007ರಲ್ಲಿ ಅದು ಕಾಯಂ ಆಯಿತು.

ಇದೇ ಕೆಲಸ ಮಾಡುವ ಬೇರೆ ಸೇವೆಗಳನ್ನೂ ನೋಡಿದ್ದೇನೆ. ಇನ್ರಿಕ್ಸ್ ಅನ್ನುವ ಅಮೆರಿಕದ ಕಂಪನಿ ಪ್ರತಿ ವರ್ಷ ಒಂದು ಸ್ಕೋರ್‌ಕಾರ್ಡ್ ಹೊರತರುತ್ತದೆ. ಒಬ್ಬ ಡ್ರೈವರ್ ವರ್ಷಕ್ಕೆ ಎಷ್ಟು ಗಂಟೆ ಜಾಮ್‌ನಲ್ಲಿ ಕಳೆದುಕೊಳ್ಳುತ್ತಾನೆ ಅನ್ನುವುದು ಅದರ ಮುಖ್ಯ ಅಂಕಿ. 2024ರಲ್ಲಿ ಇಸ್ತಾಂಬುಲ್ 105 ಗಂಟೆ, ನ್ಯೂಯಾರ್ಕ್ ಮತ್ತು ಷಿಕಾಗೊ ತಲಾ 102, ಲಂಡನ್ 101. ಸಾಮಾನ್ಯ ಓದುಗರ ಮನಸ್ಸಿಗೆ ತಟ್ಟುವುದು ಈ ಅಂಕಿಯೇ. 105 ಗಂಟೆ ಅಂದರೆ ನಾಲ್ಕು ಹಗಲು, ನಾಲ್ಕು ರಾತ್ರಿ, ಮೇಲೆ ಒಂಬತ್ತು ಗಂಟೆ. ಆದರೆ ಅದೇ ಸ್ಕೋರ್‌ಕಾರ್ಡ್‌ನಲ್ಲಿ ಲಂಡನ್‌ಗೆ 2022ರಲ್ಲಿ 156 ಗಂಟೆ ಇತ್ತು, 2023ರಲ್ಲಿ 99 ಆಯಿತು. ಒಂದು ಅಂಕಿ ಒಂದೇ ವರ್ಷಕ್ಕೆ ಇಷ್ಟು ಜಾರಿದರೆ ನಾನು ರಸ್ತೆಗಿಂತ ಮೊದಲು ಅಳತೆಗೋಲನ್ನು ನೋಡುತ್ತೇನೆ. ಯಾವುದೇ ಸೇವೆಯ ಪಟ್ಟಿ ಆಗಲಿ, ಹೋದ ವರ್ಷದ ಸ್ಥಾನವನ್ನು ಈ ವರ್ಷದ ಸ್ಥಾನದ ಜೊತೆ ಇಟ್ಟು ಸುಧಾರಿಸಿತು, ಕೆಟ್ಟಿತು ಅಂತ ಹೇಳುವುದನ್ನು ಬಿಟ್ಟುಬಿಟ್ಟಿದ್ದೇನೆ. ಟಾಮ್‌ಟಾಮ್‌ನಲ್ಲೂ ಅಷ್ಟೇ. 2023ರಲ್ಲಿ 387 ಇದ್ದ ನಗರಗಳು ಮರುವರ್ಷ 500 ಆದಾಗ ಸ್ಥಾನ ಅದಲುಬದಲಾಗದೆ ಇರುತ್ತದೆಯೇ?

ನಂಬಿಯೋ ಅನ್ನುವ ವೆಬ್‌ಸೈಟಿನಲ್ಲೂ ಒಂದು ಟ್ರಾಫಿಕ್ ಪಟ್ಟಿ ಇದೆ. ಜನ ತಾವೇ ತುಂಬಿದ ಉತ್ತರಗಳಿಂದ ಮಾಡಿದ್ದು. ಜನಕ್ಕೆ ಏನನ್ನಿಸುತ್ತದೆ ಅಂತ ತಿಳಿಯಲು ಸರಿ, ಗಾಡಿ ಹೊರಡಿಸಲು ಅಲ್ಲ.

ಗೂಗಲ್ ಮ್ಯಾಪ್ಸ್ ಒಂದು ದಾರಿಗೆ ಹೊತ್ತು ಹೇಳುವುದರಲ್ಲಿ ಎಲ್ಲಕ್ಕಿಂತ ಮುಂದೆ. ನಾನು ದಿನಾ ಬಳಸುತ್ತೇನೆ. ಹೊರಡುವ ಹೊತ್ತು ಹಾಕಿ ಅಂದಾಜು ನೋಡಬಹುದು. ಆದರೆ ಎರಡು ನಗರಗಳನ್ನು ಪಕ್ಕ ಪಕ್ಕ ಇಟ್ಟು ನೋಡುವ ಪುಟ ಅದಲ್ಲ. ಫೋನಿನಿಂದ ಬರುವ ಮಾಹಿತಿಯನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ 2020ರ ಒಂದು ಘಟನೆ ಹೇಳುತ್ತೇನೆ. ಸೈಮನ್ ವೆಕರ್ಟ್ ಅನ್ನುವ ಕಲಾವಿದ ಒಂದು ಕೈಗಾಡಿಯಲ್ಲಿ 99 ಫೋನ್ ತುಂಬಿಕೊಂಡು ಬರ್ಲಿನ್‌ನ ಖಾಲಿ ರಸ್ತೆಯಲ್ಲಿ ಎಳೆದುಕೊಂಡು ಹೋದರು. ಮ್ಯಾಪ್ ಆ ರಸ್ತೆಯನ್ನು ಕೆಂಪು ಮಾಡಿತು. ಅಂಕಿಯ ಹಿಂದೆ ಇರುವುದು ಫೋನು, ಗಾಡಿ ಅಲ್ಲ. ದಿನನಿತ್ಯದ ಬಳಕೆಯಲ್ಲಿ ಇಂಥದ್ದು ಎದುರಾಗುವುದಿಲ್ಲ, ಆದರೂ ಗೊತ್ತಿರಬೇಕು. ಇನ್ನು ಊಬರ್ ಮೂವ್‌ಮೆಂಟ್ ಅಂತ ಒಂದಿತ್ತು. 2017ರಲ್ಲಿ ಶುರುವಾಗಿ ಹಲವು ನಗರಗಳ ಪ್ರಯಾಣದ ಹೊತ್ತನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಕೊಡುತ್ತಿತ್ತು. 2023ರಲ್ಲಿ ಮುಚ್ಚಿದರು. ತುಂಬಾ ಬೇಜಾರಾಯಿತು. ರಸ್ತೆ ಎಲ್ಲರದು, ಅದರ ಲೆಕ್ಕ ಸಾರ್ವಜನಿಕರ ಕೈಯಲ್ಲಿ ಉಳಿಯಬೇಕು ಅನ್ನುವುದು ನನ್ನ ಆಸೆ.

ಮತ್ತೆ ಟಾಮ್‌ಟಾಮ್‌ಗೆ ಬಂದರೆ, ನನ್ನಂಥವರಿಗೆ ಇದರಲ್ಲಿ ಸಿಗದೇ ಇರುವುದೂ ಜಾಸ್ತಿಯೇ ಇದೆ. ಇದು ಕಾರಿನ ವೇಗ. ತುಂಬಿದ ಲಾರಿ ಸಿಗ್ನಲ್ ಬಿಟ್ಟ ಮೇಲೆ ವೇಗ ಹಿಡಿಯುವಷ್ಟರಲ್ಲಿ ಕಾರು ಮುಂದಿನ ತಿರುವಿನಲ್ಲಿರುತ್ತದೆ. ಅದಕ್ಕೆ ನಾನೇ ಒಂದಿಷ್ಟು ಸೇರಿಸಿಕೊಳ್ಳಬೇಕು. ನಗರದೊಳಗಿನ ನಿಯಮಗಳೂ ಈ ಪುಟದಲ್ಲಿ ಕಾಣುವುದಿಲ್ಲ. ಮನಿಲಾದಲ್ಲಿ ಇಂತಿಷ್ಟು ಹೊತ್ತು ಲಾರಿಗಳಿಗೆ ಪ್ರವೇಶ ಇಲ್ಲ. ಮೆಕ್ಸಿಕೋ ಸಿಟಿಯಲ್ಲಿ 1989ರಿಂದ, ಸಾವೊ ಪಾಲೊದಲ್ಲಿ 1997ರಿಂದ, ಬೊಗೋಟಾದಲ್ಲಿ 1998ರಿಂದ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಕೆಲವು ದಿನ ಗಾಡಿ ಹೊರತೆಗೆಯಬಾರದು ಅನ್ನುವ ಪದ್ಧತಿ ಇದೆ. 168 ಚೌಕದಲ್ಲಿ ಅತಿ ಹಸಿರು ಚೌಕ ಹುಡುಕಿ ಗಾಡಿ ಹಾಕಿದರೆ, ಆ ದಿನ ಆ ಗಾಡಿ ಗೇಟು ದಾಟುವ ಹಾಗೇ ಇಲ್ಲದಿರಬಹುದು.

ಇನ್ನೊಂದು, ನಗರದ ನಡುಭಾಗ ಮತ್ತು ಇಡೀ ಮಹಾನಗರ ಪ್ರದೇಶ ಅಂತ ಎರಡು ಲೆಕ್ಕ ಇರುತ್ತದೆ. ಎರಡರ ನಡುವೆ ಅಂಕಿ ತುಂಬಾ ಬದಲಾಗುತ್ತದೆ. ಪತ್ರಿಕೆಗೆ ಬರುವುದು ನಡುಭಾಗದ್ದು. ಗೋದಾಮು ಇರುವುದು ಊರ ಹೊರಗೆ. ನಿಮ್ಮ ದಾರಿ ಯಾವುದರೊಳಗೆ ಬರುತ್ತದೆ ಅಂತ ನೋಡಿಕೊಳ್ಳಿ. ಮತ್ತೆ ಸರಾಸರಿ ಅನ್ನುವುದು ಸರಾಸರಿ ಮಾತ್ರ. 30 ನಿಮಿಷ ಸರಾಸರಿ ಅಂದರೆ ಒಂದು ದಿನ 22, ಮಳೆ ಬಂದ ದಿನ 50. ಕಾಯುವ ಗಿರಾಕಿಗೆ ಬೇಕಾದದ್ದು ಮಾತು ಕೊಟ್ಟ ಹೊತ್ತು. ಆ ಏರುಪೇರು ಎಷ್ಟು ಅಂತ ಒಂದೇ ಅಂಕಿಯಲ್ಲಿ ಹೇಳಿಬಿಟ್ಟರೆ ನನಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅಳೆದ ಅಂಕಿ, ಎರಡೂ ಬಗೆಯ ಲೆಕ್ಕ, ಗಂಟೆವಾರು ಕೋಷ್ಟಕ, ಎಲ್ಲರಿಗೂ ತೆರೆದ ಬಾಗಿಲು, ಇಷ್ಟಕ್ಕೆ ನಾಲ್ಕು. ಕಾರಿನಲ್ಲಿ ಕೂತವರನ್ನು ಬಿಟ್ಟು ಬೇರೆ ಯಾರನ್ನೂ ಎಣಿಸದೆ ಇಡೀ ನಗರಕ್ಕೆ ಸ್ಥಾನ ಕೊಡುತ್ತದೆ, ಅದಕ್ಕೆ ಒಂದು ಕಮ್ಮಿ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ಮಾಡುವುದು ಅಂತ ಯೋಚನೆಯಲ್ಲಿರುವವರು ಮೊದಲು ಆ ಚೌಕಗಳನ್ನು ನೋಡಿ. ನೀವು ಓಡಾಡುವ ಎರಡು ಗಂಟೆಗಳ ಚೌಕ ಮಾತ್ರ ಸಾಕು. ಆ ನಗರ ಜಗತ್ತಿನಲ್ಲಿ ಎಷ್ಟನೆಯದು ಅನ್ನುವುದರಿಂದ ನಿಮಗೆ ಆಗಬೇಕಾದದ್ದು ಏನೂ ಇಲ್ಲ.

ಈಗ ನನ್ನ ವೇಳಾಪಟ್ಟಿಯಲ್ಲಿ ಪ್ರತಿ ನಗರದ ಹೆಸರಿನ ಮುಂದೆ ಎರಡು ಖಾನೆ ಇದೆ. ಒಂದರಲ್ಲಿ ನಡುರಾತ್ರಿ 10 ಕಿ.ಮೀ.ಗೆ ಎಷ್ಟು ನಿಮಿಷ, ಇನ್ನೊಂದರಲ್ಲಿ ಗಾಡಿ ಹೋಗುವ ಹೊತ್ತಿನಲ್ಲಿ ಎಷ್ಟು. ಮೊದಲನೆಯ ಖಾನೆಗೆ "ರಸ್ತೆ" ಅಂತ, ಎರಡನೆಯದಕ್ಕೆ "ಜಾಮ್" ಅಂತ ಹೆಸರಿಟ್ಟಿದ್ದೇನೆ. ಪಟ್ಟಿ ಕಳಿಸುವ ಮುಂಚೆ ಅಲ್ಲಿನ ಡ್ರೈವರ್‌ಗೆ ಒಂದು ಫೋನ್ ಮಾಡಿ ಎರಡೂ ಓದಿ ಹೇಳುತ್ತೇನೆ. ಮೊನ್ನೆ ಒಬ್ಬರು ಎರಡನೆಯ ಅಂಕಿ ಕೇಳಿ, "ಅದಕ್ಕೆ ಇನ್ನೊಂದು ಹತ್ತು ನಿಮಿಷ ಹಾಕಿ ಮೇಡಂ, ಅಲ್ಲಿ ಶಾಲೆ ಬಿಡೋ ಹೊತ್ತು" ಅಂದರು. ಹಾಕಿದೆ.